ಮೇ ಹತ್ತನೇ ತಾರೀಖಿನ ಹತ್ತೊಂಬತ್ತು ಮನೆಗಳು

ಸುನಂದಮ್ಮನ ತಲೆ ಮೇಲೆ ಗೂಬೆ ಕೂರಿಸಿದ್ದು ಸೆಪ್ಟೆಂಬರ್ ತಿಂಗಳ ಒಂದು ಸೋಮವಾರ, ಆಕೆ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ. ಗೂಬೆ ಅಂದರೆ ಒಂದು ಹಾಳೆ. ಕೆಳಗೆ ಮುಖ್ಯಾಧಿಕಾರಿಗಳ ಸಹಿ. ‘ತಮ್ಮ ಸುಪರ್ದಿಯಲ್ಲಿದ್ದ ಕಟ್ಟಡ ಪರವಾನಗಿ ರಿಜಿಸ್ಟರನ್ನು ನಿರ್ಲಕ್ಷ್ಯದಿಂದ ಕಳೆದಿರುವ ಬಗ್ಗೆ ತಮ್ಮ ಮೇಲೆ ಏಕೆ ಶಿಸ್ತು ಕ್ರಮ ಜರುಗಿಸಬಾರದು?’ ಆಕೆ ಅದನ್ನು ಎರಡು ಸಲ ಓದಿ, ಡಬ್ಬಿಯ ಮುಚ್ಚಳ ಮತ್ತೆ ಹಾಕಿಟ್ಟಳು. ಮೂವತ್ತೊಂದು ವರ್ಷದ ನೌಕರಿಯಲ್ಲಿ ಒಂದು ಗುಂಡುಸೂಜಿ ಕಳೆದವಳಲ್ಲ. ನಿವೃತ್ತಿಗೆ ಇನ್ನು ಹತ್ತು ತಿಂಗಳಿತ್ತು.

ಹೊಂಗೆಪುರ ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯ ಊರು. ಕೊಡಗಿಗೆ ಹೋಗುವ ಕಾರುಗಳು ಟೀಗೆ ನಿಲ್ಲುವಷ್ಟು ದೊಡ್ಡದು, ಊಟಕ್ಕೆ ನಿಲ್ಲುವಷ್ಟು ದೊಡ್ಡದಲ್ಲ. ಅಲ್ಲಿನ ಪಟ್ಟಣ ಪಂಚಾಯಿತಿಯಲ್ಲಿ ಮನೆ ಕಟ್ಟುವವರ ಅರ್ಜಿ ತೆಗೆದುಕೊಳ್ಳುವುದು, ನಕ್ಷೆಯನ್ನು ಎಂಜಿನಿಯರ್ ಮುಂದಿಡುವುದು, ಪರವಾನಗಿ ಆದ ಮೇಲೆ ರಿಜಿಸ್ಟರಿಗೆ ಏರಿಸುವುದು ಸುನಂದಮ್ಮನ ಕೆಲಸ. ಅದರ ಜೊತೆಗೆ ಯಾರಿಗೂ ಬೇಡದ ಇನ್ನೊಂದು ಕೆಲಸವಿತ್ತು. ಪ್ರತಿ ತಿಂಗಳು ಐದನೇ ತಾರೀಖಿನೊಳಗೆ, ಹಿಂದಿನ ತಿಂಗಳು ಎಷ್ಟು ಮನೆಗೆ ಪರವಾನಗಿ ಕೊಟ್ಟೆವು ಅಂತ ಒಂದು ವರದಿ ಕಳಿಸಬೇಕು. ಆ ಅಂಕಿ ಮೈಸೂರಿಗೆ ಹೋಗಿ, ಬೆಂಗಳೂರಿಗೆ ಹೋಗಿ, ಕೊನೆಗೆ ದೆಹಲಿ ಸೇರುತ್ತದೆ. ‘ದೇಶದಲ್ಲಿ ಮನೆ ನಿರ್ಮಾಣ ಅನುಮತಿ ಶೇಕಡಾ ನಾಲ್ಕು ಏರಿಕೆ’ ಅಂತ ಪೇಪರಿನ ಮೂಲೆಯಲ್ಲಿ ಎರಡು ಸಾಲು ಬಂದರೆ ಸುನಂದಮ್ಮ ಅದನ್ನು ಕತ್ತರಿಸಿ ಇಟ್ಟುಕೊಳ್ಳುತ್ತಿದ್ದಳು. ಇಷ್ಟು ದೊಡ್ಡ ದೇಶದ ಲೆಕ್ಕದೊಳಗೆ ತನ್ನ ಹೊಂಗೆಪುರದ ಹತ್ತು ಹದಿನಾಲ್ಕು ಮನೆಗಳೂ ಕೂತಿವೆ ಅಂತ ಆಕೆಗೆ ಒಂದು ಹೆಮ್ಮೆ. ನಗುವವರು ನಗಲಿ.

ಆ ಅಂಕಿ ಯಾಕೆ ಏರಿತು, ಯಾಕೆ ಇಳಿಯಿತು ಅಂತ ದೊಡ್ಡ ದೊಡ್ಡ ಪಂಡಿತರು ಬ್ಯಾಂಕಿನ ಬಡ್ಡಿ, ಸಿಮೆಂಟಿನ ರೇಟು ಅಂತ ಪೇಪರಿನಲ್ಲಿ ಬರೆಯುತ್ತಿದ್ದರು. ಹೊಂಗೆಪುರದ ಮಟ್ಟಿಗೆ ಕಾರಣ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿತ್ತು. ಆಷಾಢ ಬಂತೋ, ಸೊನ್ನೆ. ಶ್ರಾವಣ ಬಂತೋ, ಕೌಂಟರಿನ ಮುಂದೆ ನೂಕುನುಗ್ಗಲು. ಧನುರ್ಮಾಸದಲ್ಲಿ ಮತ್ತೆ ಸೊಳ್ಳೆ ಹೊಡೆಯುವ ಕೆಲಸ. ವರದಿಯ ಕೊನೆಯಲ್ಲಿ ‘ಷರಾ’ ಅಂತ ಒಂದು ಕಾಲಂ ಇರುತ್ತದೆ, ಏರಿಳಿತಕ್ಕೆ ಕಾರಣ ಬರೆಯುವುದಕ್ಕೆ. ಬೇರೆ ಊರಿನ ಗುಮಾಸ್ತರು ಅದರಲ್ಲಿ ಗೀಟು ಎಳೆದು ಬಿಡುತ್ತಿದ್ದರು. ಸುನಂದಮ್ಮ ಮಾತ್ರ ಪ್ರತಿ ವರ್ಷ ದುಂಡಗಿನ ಅಕ್ಷರದಲ್ಲಿ ‘ಆಷಾಢ ಮಾಸದ ಪ್ರಯುಕ್ತ’ ಅಂತ ಬರೆಯುತ್ತಿದ್ದಳು. ಆ ಕಾಲಮ್ಮಿನಲ್ಲಿ ಆಕೆ ಒಂದು ಸಲವೂ ಸುಳ್ಳು ಬರೆದಿರಲಿಲ್ಲ.

ತಿಂಗಳಷ್ಟೇ ಅಲ್ಲ, ದಿನ ನೋಡುವುದೂ ಇತ್ತು. ಪರವಾನಗಿ ಸಿದ್ಧವಾಗಿದೆ ಅಂತ ಫೋನು ಮಾಡಿದರೆ, “ಮೇಡಂ, ಇವತ್ತು ಮಂಗಳವಾರ ಕಣ್ರೀ. ನಾಳೆ ತಾರೀಕ್ ಆಕ್ಕೊಡಿ, ನಾಳೇನೇ ಬಂದು ಈಸ್ಕೊತೀವಿ” ಅನ್ನುವವರೇ ಎಲ್ಲ. ಪರವಾನಗಿ ಬರೆದ ದಿನವೇ ಮನೆ ಹುಟ್ಟಿದ ದಿನ ಅಂತ ಈ ಕಡೆಯವರ ಲೆಕ್ಕ. ಒಂದು ದಿನ ಹಿಂದೆ ಮುಂದೆ ಆದರೆ ಆಕಾಶ ಬೀಳುವುದಿಲ್ಲ ಅಂತ ಸುನಂದಮ್ಮನೂ ಕಾಯುತ್ತಿದ್ದಳು.

ಈಗ ಆ ರಿಜಿಸ್ಟರು ಯಾಕೆ ಕಳೆಯಿತು ಅನ್ನುವ ವಿಷಯಕ್ಕೆ ಬರೋಣ.

ಊರಿನ ಹೊರಗೆ, ಹೆದ್ದಾರಿಯ ಬದಿಗೆ, ಗೌರೀಶ್ ಅನ್ನುವವನು ಹತ್ತೊಂಬತ್ತು ಸೈಟು ಮಾಡಿದ್ದ. ಮೊದಲು ಕೊಪ್ಪದಲ್ಲಿ ಜಮೀನು ದಲ್ಲಾಳಿಯಾಗಿದ್ದವನು. ಮಾತಿನಲ್ಲಿ ಜೇನು, ಹೊಟ್ಟೆಯಲ್ಲಿ ಏನು ಅಂತ ದೇವರಿಗೇ ಗೊತ್ತು. ಹದಿನೆಂಟು ಸೈಟಿನಲ್ಲಿ ಅವನೂ ಅವನ ನೆಂಟರೂ ಪ್ರವಾಸಿಗರಿಗೆ ಹೋಂಸ್ಟೇ ಕಟ್ಟಿಸಲು ಶುರು ಮಾಡಿದರು. ಹತ್ತೊಂಬತ್ತನೆಯದನ್ನು ಸುನಂದಮ್ಮನ ತಮ್ಮ ಪುಟ್ಟಸ್ವಾಮಿಗೆ ಮಾರಿದ್ದ. ಮಿರ್ಲೆಯಲ್ಲಿ ಗದ್ದೆ ಮಾಡಿಕೊಂಡಿದ್ದ ಪುಟ್ಟಸ್ವಾಮಿಗೆ ಮಗಳು ಪುಟ್ಟಿಯ ಓದಿಗೆ ರಸ್ತೆ ಬದಿಯ ಊರಿನಲ್ಲಿ ಮನೆ ಬೇಕಿತ್ತು, ನಿಜ. ಆದರೆ ಗುಮಾಸ್ತೆಯ ತಮ್ಮ ಅನ್ನುವ ಕಾರಣಕ್ಕೇ ಗೌರೀಶ್ ಅವನನ್ನು ಹುಡುಕಿಕೊಂಡು ಹೋಗಿದ್ದ ಅನ್ನುವುದು ಸುನಂದಮ್ಮನಿಗೆ ಆಮೇಲೆ ಹೊಳೆಯಿತು.

ಮೇ ಹತ್ತನೇ ತಾರೀಖು, ಅಕ್ಷಯ ತದಿಗೆಯ ದಿನ, ಆ ಸೈಟಿನಲ್ಲಿ ಗುದ್ದಲಿ ಪೂಜೆ ಆಯಿತು. ಪುಟ್ಟಸ್ವಾಮಿ ಸುಣ್ಣದ ಪುಡಿಯಲ್ಲಿ ಗೆರೆ ಹಾಕಿ, “ಇದು ಹಾಲು, ಇದು ಅಡುಗೆಮನೆ, ರಸ್ತೆ ಕಡೀಕಿರೋ ಈ ರೂಮು ನಿಂದು ಕಣಕ್ಕ. ರಿಟೈರ್ ಆದಮ್ಯಾಲೆ ಬಾಡಿಗೆ ಮನೇಲಿ ಯಾಕಿದ್ದೀಯೆ?” ಅಂದಿದ್ದ. ಗಂಡ ತೀರಿಕೊಂಡು ಹದಿನೆಂಟು ವರ್ಷವಾಗಿ, ಮಕ್ಕಳಿಲ್ಲದೆ, ಊರಿನವರ ಮನೆಗೆಲ್ಲ ಪರವಾನಗಿ ಬರೆದುಕೊಟ್ಟು ತಾನು ಶೀಟಿನ ಮನೆಯಲ್ಲಿ ಬಾಡಿಗೆಗಿದ್ದ ಸುನಂದಮ್ಮ ಆ ಸುಣ್ಣದ ಗೆರೆಯೊಳಗೆ ನಿಂತು ನೋಡಿದ್ದಳು. ಕಿಟಕಿ ಎಲ್ಲಿಗೆ ಬರುತ್ತದೆ ಅಂತಲೂ ಕೇಳಿದ್ದಳು. ಆಮೇಲೆ ಹಳೇ ಚಾಳಿ ಬಿಡದೆ, “ಲೈಸೆನ್ಸ್ ಆಗೋಗಂಟ ಪಾಯ ತೆಗೀಬ್ಯಾಡ ಕಣ್ಲಾ” ಅಂತ ಗದರಿದ್ದಳು. ಪಕ್ಕದಲ್ಲೇ ಇದ್ದ ಗೌರೀಶ್, “ಅದೆಲ್ಲ ನಂಗೆ ಬುಡಿ ಸುನಂದಕ್ಕ” ಅಂದಿದ್ದ. ಅವತ್ತು ಪಂಚಾಯಿತಿಯ ಎಂಜಿನಿಯರ್ ಶಶಿಕುಮಾರ್ ಕೂಡ ಪೂಜೆಗೆ ಬಂದಿದ್ದ. ಸುನಂದಮ್ಮನೇ ಇಬ್ಬರ ಕೈಗೂ ಪ್ರಸಾದ ಕೊಟ್ಟಿದ್ದಳು.

ಜೂನ್ ಒಂದರಿಂದ ಹೊಸ ನಿಯಮ ಬಂತು. ಹೆದ್ದಾರಿ ಬದಿಯಲ್ಲಿ ಕಟ್ಟುವವರು ಮುಂದುಗಡೆ ಹನ್ನೆರಡು ಅಡಿ ಜಾಗ ಬಿಡಬೇಕು. ಜೂನ್‌ಗೆ ಮೊದಲೇ ಪರವಾನಗಿ ತೆಗೆದುಕೊಂಡವರಿಗೆ ವಿನಾಯಿತಿ. ಗೌರೀಶನ ಹತ್ತೊಂಬತ್ತಕ್ಕೂ ಪರವಾನಗಿಯೇ ಇರಲಿಲ್ಲ. ಇವತ್ತು ತಂದರಾಯಿತು, ನಾಳೆ ತಂದರಾಯಿತು ಅಂತ ರಸ್ತೆಗೆ ಒತ್ತಿಕೊಂಡು ಗೋಡೆ ಎಬ್ಬಿಸಿದ್ದ. ಆಗಸ್ಟಿನಲ್ಲಿ ಯಾರೋ ಮೈಸೂರಿಗೆ ದೂರು ಬರೆದರು. ‘ಪರವಾನಗಿ ಪ್ರತಿಗಳನ್ನು ಕಳಿಸಿ’ ಅಂತ ಅಲ್ಲಿಂದ ಪತ್ರ ಬಂತು. ಶಶಿಕುಮಾರ್ ಮತ್ತು ಗೌರೀಶ್ ಕೂತು ಹಿಂದಿನ ತಾರೀಖು ಹಾಕಿ ಹತ್ತೊಂಬತ್ತು ಪರವಾನಗಿ ಹುಟ್ಟಿಸಿದರು. ತೊಡಕು ಒಂದೇ. ಹಳೇ ರಿಜಿಸ್ಟರಿನಲ್ಲಿ ಮೇ ತಿಂಗಳ ಹದಿನಾಲ್ಕು ಮನೆ ಆದ ಮೇಲೆ ಒಂದು ಸಾಲೂ ಖಾಲಿ ಬಿಡದೆ ಜೂನ್ ತಿಂಗಳು ಶುರುವಾಗಿತ್ತು. ಹತ್ತೊಂಬತ್ತು ಸಾಲು ತೂರಿಸಲು ಜಾಗವೇ ಇಲ್ಲ. ಹಾಗಾಗಿ ಹಳೇ ರಿಜಿಸ್ಟರು ‘ಕಳೆದುಹೋಯಿತು’. ಶಶಿಕುಮಾರನ ಕೈಬರಹದಲ್ಲಿ ಹೊಸದೊಂದು ರಿಜಿಸ್ಟರು ತಯಾರಾಯಿತು, ಮೇ ತಿಂಗಳಿಗೆ ಮೂವತ್ತಮೂರು ಮನೆ ತುಂಬಿಕೊಂಡು. ಕಳೆದದ್ದಕ್ಕೆ ಒಬ್ಬರು ಹೊಣೆ ಬೇಕಲ್ಲ, ಸುನಂದಮ್ಮ ಇದ್ದಳು.

ನೋಟಿಸು ಬಂದ ಸಂಜೆ ಪುಟ್ಟಸ್ವಾಮಿ ಆಕೆಯ ಮನೆಗೆ ಬಂದ. ಸಮಾಧಾನ ಹೇಳಲು ಬಂದಿದ್ದಾನೆ ಅಂದುಕೊಂಡು ಸುನಂದಮ್ಮ ಕಾಫಿಗೆ ನೀರಿಟ್ಟಳು.

“ಒಪ್ಕೊಬುಡಕ್ಕ,” ಅಂದ ಅವನು.

“ಏನ್ನ?”

“ಕಳ್ದೋಯ್ತು ಅಂತ. ವಯಸ್ಸಾಗದೆ, ಕಣ್ ಮಂಜು ಅಂತ ಬರ್ದುಕೊಡು. ಏನೋ ಒಂದ್ ಎಚ್ಚರಿಕೆ ಕೊಟ್ಟು ಬುಟ್ಬುಡ್ತಾರಂತೆ, ಎಂಜಿನಿಯರ್ರೇ ಏಳವ್ರೆ. ಇಲ್ದಿದ್ರೆ ನನ್ ಮನೆ ಓಯ್ತದೆ.”

ಸುನಂದಮ್ಮ ಒಲೆ ಆರಿಸಿದಳು. “ಮೂವತ್ತೊಂದು ವರ್ಷ ಕಣ್ಲಾ ನಾನು ಆ ಪುಸ್ತಕ ಕಾದಿದ್ದು. ಈಗ ಕಳ್ದೋಳು ಅನ್ನಿಸ್ಕೊಂಡು ಮನೀಗ್ ಓಗ್ಲಾ?”

“ಎಸ್ರು ತಕ್ಕಂಡು ಏನ್ ಮಾಡೀಯೆ ಅಕ್ಕ? ರೂಮು ನಿಂಗೇ ತಾನೆ?”

ಅವನು ಕಾಫಿ ಕುಡಿಯದೆ ಹೋದ. ಸುನಂದಮ್ಮನಿಗೆ ನೋಟಿಸು ಕೊಟ್ಟವರ ಮೇಲೆ ಬಂದದ್ದಕ್ಕಿಂತ ಹೆಚ್ಚಿನ ಸಿಟ್ಟು ಆ ಮಾತಿಗೆ ಬಂತು. ಒಂದು ಕೋಣೆ ಕೊಟ್ಟು ಹೆಸರು ಕೊಂಡುಕೊಳ್ಳುತ್ತೇನೆ ಅಂತ ಒಡಹುಟ್ಟಿದವನೇ ಬಂದು ಹೇಳಿದ್ದ. ಅವತ್ತು ಆಕೆ ಊಟ ಮಾಡಲಿಲ್ಲ. ಶಶಿಕುಮಾರ್, ಗೌರೀಶ್, ತಮ್ಮ, ಈ ಮೂವರಲ್ಲಿ ಒಬ್ಬನನ್ನೂ ಬಿಡುವುದಿಲ್ಲ ಅಂತ ಮನಸ್ಸಿನಲ್ಲೇ ಅಂದುಕೊಂಡಳು.

ಬೀದಿಯಲ್ಲಿ ಆಗಲೇ ಸುದ್ದಿ ಹಬ್ಬಿತ್ತು. ತರಕಾರಿ ಅಂಗಡಿಯವಳು ಚಿಲ್ಲರೆ ಕೊಡುತ್ತಾ, “ಜ್ವಾಪಾನ ಕಣಮ್ಮ, ಇದುನ್ನೂ ಕಳ್ದುಬುಟ್ಟೀರಿ” ಅಂತ ನಕ್ಕಳು. ತಮಾಷೆಗೇ ಅಂದಿದ್ದು. ಸುನಂದಮ್ಮ ಚಿಲ್ಲರೆಯನ್ನು ಅಲ್ಲೇ ಬಿಟ್ಟು ಬಂದಳು.

ಮಾರನೇ ದಿನ ಹೊಸ ರಿಜಿಸ್ಟರು ಆಕೆಯ ಮೇಜಿಗೆ ಬಂತು. ಶಶಿಕುಮಾರ್ ತಾನೇ ತಂದಿಟ್ಟ. “ಇದನ್ನಾದ್ರೂ ಹುಷಾರಾಗಿ ಇಟ್ಕೊಳ್ಳಿ ಮೇಡಂ,” ಅಂದ. ಸುನಂದಮ್ಮ ಮೇ ತಿಂಗಳ ಪುಟ ತೆರೆದಳು. ಹದಿನೈದನೇ ಸಾಲಿನಿಂದ ಮೂವತ್ತಮೂರನೇ ಸಾಲಿನವರೆಗೆ ಗೌರೀಶನ ಬಳಗ. ಕೊನೆಯ ಹೆಸರು ಪುಟ್ಟಸ್ವಾಮಿ. ಪರವಾನಗಿ ಕೊಟ್ಟ ದಿನಾಂಕ, ಹತ್ತೊಂಬತ್ತಕ್ಕೂ ಒಂದೇ: ಹತ್ತನೇ ಮೇ.

ಆಕೆಗೆ ಮೊದಲು ನಂಬಿಕೆ ಬರಲಿಲ್ಲ. ಬೆರಳಿಟ್ಟು ಸಾಲು ಸಾಲಾಗಿ ನೋಡಿದಳು. ಇಡೀ ಮೇ ತಿಂಗಳಿನಲ್ಲಿ ಬೇರೆ ದಿನವೇ ಇರಲಿಲ್ಲವೇ ಇವರಿಗೆ? ಆಮೇಲೆ ಅರ್ಥವಾಯಿತು. ಗೌರೀಶ್ ದಿನ ನೋಡಿಸಿದ್ದಾನೆ. ಮಾಡುವುದು ಕಳ್ಳ ಕಾಗದವಾದರೂ ದಿನ ಒಳ್ಳೆಯದಿರಲಿ ಅಂತ ಹಳೇ ಪಂಚಾಂಗ ತೆಗೆಸಿ, ಅಕ್ಷಯ ತದಿಗೆಯನ್ನೇ ಆರಿಸಿದ್ದಾನೆ. ಅವತ್ತು ಶುರು ಮಾಡಿದ್ದು ಬೆಳೆಯುತ್ತಲೇ ಹೋಗುತ್ತದೆ ಅಂತಲ್ಲವೇ ಜನ ಚಿನ್ನ ಕೊಳ್ಳುವುದು, ಪಾಯ ತೆಗೆಯುವುದು. ಅದೇ ದಿನ ಬಸವ ಜಯಂತಿಯೂ ಹೌದು, ಸರ್ಕಾರಿ ರಜೆ ಅನ್ನುವುದು ಪಂಚಾಂಗ ನೋಡಿದವನಿಗೆ ಬೇಕಿರಲಿಲ್ಲ. ಬರೆದವನಿಗೆ ನೆನಪಾಗಲಿಲ್ಲ.

“ಸಾರ್, ಅವತ್ತು ರಜ” ಅನ್ನುವ ಮಾತು ಸುನಂದಮ್ಮನ ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ಎಷ್ಟು ಎಂಜಿನಿಯರುಗಳ ಎಷ್ಟು ತಾರೀಖು ತಿದ್ದಿದ ನಾಲಿಗೆ ಅದು. ಆಕೆ ಬಾಟಲಿ ಎತ್ತಿ ಗಟಗಟ ನೀರು ಕುಡಿದು ಆ ಮಾತನ್ನು ಒಳಗೆ ಕಳಿಸಿದಳು. ಮೂವತ್ತೊಂದು ವರ್ಷದಲ್ಲಿ ಒಂದು ತಪ್ಪನ್ನು ಕಂಡೂ ಸುಮ್ಮನಿದ್ದದ್ದು ಅದೇ ಮೊದಲು. ಸುಮ್ಮನಿರುವುದರಲ್ಲೂ ಇಷ್ಟು ಸುಖವಿದೆಯೇ ಅಂತ ಆಕೆಗೆ ಆಶ್ಚರ್ಯವಾಯಿತು.

ಮೈಸೂರಿಗೆ ಓಡಿಹೋಗಿ ದೂರು ಕೊಡಬಹುದಿತ್ತು. ರಿಜಿಸ್ಟರು ಕಳೆದವಳು ತಪ್ಪಿಸಿಕೊಳ್ಳಲು ಹೇಳುತ್ತಿದ್ದಾಳೆ ಅನ್ನುತ್ತಿದ್ದರು. ರಜೆಯಲ್ಲೂ ಕೆಲಸ ಮಾಡಿದೆವು ಅಂತ ಶಶಿಕುಮಾರ್ ಒಂದು ಮಾತಿನಲ್ಲಿ ಕೈ ತೊಳೆದುಕೊಳ್ಳುತ್ತಿದ್ದ. ಹಾಗಾಗಬಾರದು. ಅವನ ಕೈಯಿಂದಲೇ ಬರೆಸಬೇಕು, ಅವನ ಸಹಿಯೇ ಇರಬೇಕು, ಕೇಳುವವರು ಮೇಲಿನವರಾಗಿರಬೇಕು. ಅದಕ್ಕೆ ಬೇಕಾದ ದಾರಿ ಆಕೆಯ ಹತ್ತಿರ ಇತ್ತು. ಹೊಂಗೆಪುರದ ಕಪಾಟಿನಲ್ಲಿದ್ದದ್ದನ್ನು ಯಾರು ಬೇಕಾದರೂ ಕದಿಯಬಹುದು, ದೆಹಲಿಗೆ ಹೋಗಿ ಕೂತ ಹದಿನಾಲ್ಕನ್ನು ಗೌರೀಶನ ಅಪ್ಪನೂ ವಾಪಸು ತರಲಾರ.

ಅಕ್ಟೋಬರ್ ನಾಲ್ಕಕ್ಕೆ ತಿಂಗಳ ವರದಿಯ ಜೊತೆ ಇನ್ನೊಂದು ಹಾಳೆ ಹಿಡಿದು ಶಶಿಕುಮಾರನ ಮುಂದೆ ನಿಂತಳು. “ಸಾರ್, ಮೇ ತಿಂಗಳಿಗೆ ನಾವು ಹದಿನಾಲ್ಕು ಅಂತ ಕಳಿಸಿದೀವಿ. ಹೊಸ ರಿಜಿಸ್ಟರಲ್ಲಿ ಮೂವತ್ಮೂರು ಅದೆ. ತಿದ್ದುಪಡಿ ಕಳಿಸ್ಬೇಕಲ್ವಾ?”

ಶಶಿಕುಮಾರ್ ಮೊಬೈಲಿನಿಂದ ತಲೆ ಎತ್ತದೆ ನಕ್ಕ. “ನಿಮ್ಮ ವರದೀನ ಯಾರ್ರೀ ಓದ್ತಾರೆ? ಮೂವತ್ಮೂರು ಅನ್ನಿ, ಮುನ್ನೂರು ಅನ್ನಿ.”

“ಸಹಿ ಬೇಕಾಯ್ತದೆ ಸಾರ್.”

ಅವನು ಸಹಿ ಹಾಕಿದ. ಸುನಂದಮ್ಮ ಸೀಲನ್ನು ಎರಡು ಸಲ ಒತ್ತಿದಳು, ಮಸಿ ಚೆನ್ನಾಗಿ ಹತ್ತಲಿ ಅಂತ.

ನವೆಂಬರಿನಲ್ಲಿ ಉತ್ತರ ಬಂತು. ದೇಶದ ಲೆಕ್ಕ ಇಡುವವರಿಗೆ ಒಂದು ಊರಿನ ಅಂಕಿ ಇದ್ದಕ್ಕಿದ್ದಂತೆ ಎರಡುಪಟ್ಟಿಗಿಂತ ಹೆಚ್ಚಾದರೆ ಕಂಪ್ಯೂಟರೇ ಕೆಂಪು ತೋರಿಸುತ್ತದಂತೆ. ‘ಶೇಕಡಾ ನೂರ ಮೂವತ್ತಾರು ವ್ಯತ್ಯಾಸಕ್ಕೆ ಕಾರಣ ತಿಳಿಸಿ. ಹೆಚ್ಚುವರಿ ಪರವಾನಗಿಗಳ ಪಟ್ಟಿಯನ್ನು ದಿನಾಂಕವಾರು ದೃಢೀಕರಿಸಿ ಕಳಿಸಿ.’ ಸುನಂದಮ್ಮ ಆ ಪತ್ರವನ್ನು ಪ್ರಸಾದದ ಹಾಗೆ ಎರಡು ಕೈಯಲ್ಲಿ ಹಿಡಿದುಕೊಂಡು ಹೋದಳು.

ಶಶಿಕುಮಾರನಿಗೆ ಇದು ಕಿರಿಕಿರಿ, ಅಷ್ಟೆ. “ಗುಮಾಸ್ತೆಯ ಕಣ್ತಪ್ಪಿನಿಂದ ಹತ್ತೊಂಬತ್ತು ಪರವಾನಗಿ ಲೆಕ್ಕದಲ್ಲಿ ಬಿಟ್ಟುಹೋಗಿದ್ದವು ಅಂತ ಬರೀರಿ,” ಅಂದ. ಎದುರು ನಿಂತವಳ ತಲೆಗೆ ಇನ್ನೊಂದು ಗೂಬೆ. ಸುನಂದಮ್ಮ ಹಲ್ಲು ಕಚ್ಚಿಕೊಂಡು ಅದನ್ನೂ ಅಕ್ಷರಕ್ಕಕ್ಷರ ಬರೆದುಕೊಂಡಳು.

ಮಧ್ಯಾಹ್ನ ಒಬ್ಬಳೇ ಕೂತು ಪಟ್ಟಿ ಟೈಪು ಮಾಡಿದಳು. ಹದಿನೆಂಟು ಹೆಸರು ಬಿಡುವಿಲ್ಲದೆ ಹೊಡೆದಳು. ಹತ್ತೊಂಬತ್ತನೆಯದಕ್ಕೆ ಬೆರಳು ನಿಂತಿತು. ಸುಣ್ಣದ ಗೆರೆ, ಕಿಟಕಿ, ಅತ್ತೆ ಅತ್ತೆ ಅಂತ ಸೆರಗು ಹಿಡಿದುಕೊಂಡಿದ್ದ ಪುಟ್ಟಿ, ಎಲ್ಲ ನೆನಪಾದವು. ಈ ಒಂದು ಹೆಸರು ಬಿಟ್ಟು, ಹದಿನೆಂಟು ಅಂತ ಮಾಡಿ, ಮೂವತ್ತಮೂರನ್ನು ಮೂವತ್ತೆರಡು ಅಂತ ಇನ್ನೊಮ್ಮೆ ತಿದ್ದಿ ಕಳಿಸಿದರೆ ಶಶಿಕುಮಾರ್ ಅದಕ್ಕೂ ನೋಡದೆ ಸಹಿ ಹಾಕುತ್ತಿದ್ದ. ಆಮೇಲೆ ‘ಒಪ್ಕೊಬುಡಕ್ಕ’ ಅನ್ನುವ ಮಾತು ಕಿವಿಗೆ ಬಂತು. ಅವನಿಗೆ ಬೇಕಾಗಿದ್ದು ಅಕ್ಕನ ಹೆಸರಿನ ಬೆಲೆಯಲ್ಲಿ ಒಂದು ಮನೆ. ಸುನಂದಮ್ಮ ‘ಪುಟ್ಟಸ್ವಾಮಿ’ ಅಂತ ಟೈಪು ಮಾಡಿದಳು. ಮುಂದೆ ‘ಮಿರ್ಲೆ’ ಅಂತ ಊರಿನ ಹೆಸರನ್ನೂ ಹಾಕಿದಳು, ಬೇರೆ ಯಾವ ಪುಟ್ಟಸ್ವಾಮಿಯೋ ಅಂತ ಯಾರಿಗೂ ಅನುಮಾನ ಬರಬಾರದು.

“ಪ್ರತಿ ಪುಟಕ್ಕೂ ಸಹಿ ಸಾರ್,” ಅಂದಳು ಸಂಜೆ. ಅವನು ಪ್ರತಿ ಪುಟಕ್ಕೂ ಹಾಕಿದ.

ಜನವರಿಯಲ್ಲಿ ಬಂದ ಪತ್ರ ನಾಲ್ಕೇ ಸಾಲಿನದು. ‘ಸದರಿ ದಿನಾಂಕವು ಬಸವ ಜಯಂತಿ ಪ್ರಯುಕ್ತ ಸಾರ್ವತ್ರಿಕ ರಜಾ ದಿನವಾಗಿರುತ್ತದೆ. ಅಂದು ಪರವಾನಗಿ ನೀಡಿದ್ದು ಹೇಗೆ? ಸ್ಥಳ ತನಿಖೆಗೆ ಅಧಿಕಾರಿಯನ್ನು ನಿಯೋಜಿಸಲಾಗಿದೆ.’ ಶಶಿಕುಮಾರ್ ಓದಿದ. ಮತ್ತೆ ಓದಿದ. ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದ, ಅದು ಹೊಸ ವರ್ಷದ್ದು. ಸುನಂದಮ್ಮ ತನ್ನ ಡ್ರಾಯರ್ ಎಳೆದು ಹಳೇ ವರ್ಷದ ಕ್ಯಾಲೆಂಡರ್ ತೆಗೆದು, ಮೇ ತಿಂಗಳಿಗೆ ಮಡಿಸಿ ಅವನ ಮುಂದಿಟ್ಟಳು. ಹತ್ತು ಕೆಂಪಗಿತ್ತು.

“ನಿಮಗೆ ಮೊದಲೇ ಗೊತ್ತಿತ್ತಾ?” ಅಂದ ಅವನು.

“ನನ್ ವರದೀನ ಯಾರ್ ಓದ್ತಾರೆ ಅಂತ ಕೇಳಿದ್ರಲ್ಲ ಸಾರ್. ಇವ್ರು ಓದ್ತಾರೆ.”

ಆ ಭಾನುವಾರವೇ ಗೌರೀಶ್ ಒಂದು ಬಾಳೆಗೊನೆ ಹೊರಿಸಿಕೊಂಡು ಆಕೆಯ ಶೀಟಿನ ಮನೆಗೆ ಬಂದ. ಸುನಂದಮ್ಮ ಕೂರಲು ಹೇಳಲಿಲ್ಲ.

“ಸುನಂದಕ್ಕ, ಏನೋ ತಪ್ಪಾಗೋಯ್ತು. ಅವತ್ತು ರಜ ಇದ್ರೂ ಕೆಲ್ಸ ಜಾಸ್ತಿ ಇತ್ತು, ಬಾಗ್ಲು ತೆಗ್ದಿದ್ವಿ ಅಂತ ತನಿಖೇಲಿ ಒಂದ್ ಮಾತ್ ಏಳ್ಬುಡಿ. ನಿಮ್ ನೋಟಿಸು ನಾನು ವಜಾ ಮಾಡಿಸ್ತೀನಿ.”

“ಅವತ್ತು ನೀನ್ ಎಲ್ಲಿದ್ದೆಯಪ್ಪ?”

ಗೌರೀಶ್ ಬಾಯಿ ತೆರೆಯುವ ಮೊದಲೇ ಸುನಂದಮ್ಮನೇ ಹೇಳಿದಳು.

“ನನ್ ತಮ್ಮನ್ ಸೈಟಲ್ಲಿದ್ದೆ. ಎಂಜಿನಿಯರ್ರೂ ಅಲ್ಲೇ ಇದ್ರು. ನಿಮ್ಮಿಬ್ರ ಕೈಗೂ ಪ್ರಸಾದ ಆಕಿದ್ದು ಇದೇ ಕೈ.” ಆಕೆ ಬಲಗೈ ಎತ್ತಿ ತೋರಿಸಿದಳು. “ಆದ್ರೂ ಬಾಳ ಒಳ್ಳೇ ದಿನ ನೋಡ್ಸಿದ್ದೀಯ ಕಣಪ್ಪ. ಅವತ್ತು ಶುರು ಮಾಡಿದ್ದು ಬೆಳೀತಾನೇ ಓಯ್ತದೆ ಅಂತಾರೆ. ನೋಡು, ನಿನ್ ಫೈಲು ಎಂಗ್ ಬೆಳೀತು.”

“ನಿಮ್ ತಮ್ಮಂದೂ ಓಯ್ತದೆ ಅಕ್ಕ, ಯೋಚ್ನೆ ಮಾಡಿ.”

“ಗೊನೆ ಎತ್ಕೊಂಡೋಗು,” ಅಂದಳು ಸುನಂದಮ್ಮ.

ತನಿಖೆಗೆ ಬಂದವಳು ಮಾನಸ ಅನ್ನುವ ಚಿಕ್ಕ ವಯಸ್ಸಿನ ಅಧಿಕಾರಿ. ಜೋರು ಮಾಡಲಿಲ್ಲ, ಟೀ ಕುಡಿಯಲಿಲ್ಲ. ಶಶಿಕುಮಾರನಿಗೆ ಕೇಳಿದ್ದು ಒಂದೇ ಪ್ರಶ್ನೆ, “ಆ ದಿನ ಕಚೇರಿ ಬಾಗಿಲು ತೆಗೆದವರು ಯಾರು?” ಅವನು ಜವಾನ ಕರಿಯಯ್ಯನ ಹೆಸರು ಹೇಳಿದ. ಕರಿಯಯ್ಯ ಬಂದು ತಲೆ ಕೆರೆದುಕೊಂಡು, “ಅವತ್ತ್ ನಾನು ವೀರನಹೊಸಹಳ್ಳೀಲಿ ನಮ್ ಬೀಗರ್ ಮನೇಲಿದ್ದೆ ಸ್ವಾಮಿ. ಬೀಗದ ಕೈ ನನ್ ಸೊಂಟದಲ್ಲೇ ಇತ್ತು,” ಅಂದ. ಅಷ್ಟಕ್ಕೇ ಮುಗಿಯಲಿಲ್ಲ. ದಾಸ್ತಾನು ಕೋಣೆ ತೆಗೆಸಿ ನೋಡಿದಾಗ ಬ್ಲೀಚಿಂಗ್ ಪೌಡರ್ ಮೂಟೆಗಳ ಹಿಂದೆ ಹಳೇ ರಿಜಿಸ್ಟರು ಸಿಕ್ಕಿತು. ಸುಡುವುದಕ್ಕೆ ಶಶಿಕುಮಾರನಿಗೆ ಧೈರ್ಯ ಬಂದಿರಲಿಲ್ಲ. ಸುನಂದಮ್ಮ ಅದನ್ನು ಸೆರಗಿನಲ್ಲಿ ಒರೆಸಿದಳು. ಬ್ಲೀಚಿಂಗ್ ಪೌಡರಿನ ಘಾಟಿಗೆ ಕಣ್ಣಲ್ಲಿ ನೀರು ಬಂತು ಅಂತ ಮಾನಸಳಿಗೆ ಹೇಳಿದಳು.

ಶಶಿಕುಮಾರ್ ಅಮಾನತ್ತಾದ. ಹತ್ತೊಂಬತ್ತು ಪರವಾನಗಿ ರದ್ದಾದವು. ಮೇ ತಿಂಗಳ ಅಂಕಿ ಮತ್ತೆ ಹದಿನಾಲ್ಕಕ್ಕೆ ಬಂತು. ಸುನಂದಮ್ಮನ ಮೇಲಿನ ಆರೋಪ ಕೈಬಿಟ್ಟ ಆದೇಶ ಮಾರ್ಚಿನಲ್ಲಿ ಬಂದಾಗ ಆಕೆ ಅದನ್ನು ಜೆರಾಕ್ಸ್ ಮಾಡಿಸಿ ತರಕಾರಿ ಅಂಗಡಿಯವಳಿಗೂ ಒಂದು ಪ್ರತಿ ಕೊಟ್ಟಳು. ಓದಲು ಬರುವುದಿಲ್ಲ ಅಂದವಳಿಗೆ ನಿಂತು ಓದಿ ಹೇಳಿದಳು.

ಅದಕ್ಕೆ ಮೊದಲೇ, ಫೆಬ್ರವರಿಯ ಕೊನೆಯಲ್ಲಿ, ರಸ್ತೆ ಕಡೆಯ ಹನ್ನೆರಡು ಅಡಿ ಒಡೆಯಲು ಜೆಸಿಬಿ ಬಂದಿತ್ತು. ಸುನಂದಮ್ಮ ಅವತ್ತು ರಜೆ ಹಾಕಿ, ಮದುವೆ ಮನೆಗೆ ಉಡುವ ಹಸಿರು ರೇಷ್ಮೆ ಸೀರೆ ಉಟ್ಟು ಹೋಗಿ ನಿಂತಳು. ಗೌರೀಶನ ಮೊದಲ ಕಂಬ ಉರುಳಿದಾಗ ಎದೆಯೊಳಗೆ ತಣ್ಣಗಾಯಿತು. ಎರಡನೆಯದು, ಮೂರನೆಯದು, ಒಂದೊಂದನ್ನೂ ಎಣಿಸಿದಳು. ಹದಿನೆಂಟರವರೆಗೆ ಬಿಸಿಲಿನಲ್ಲಿ ನಿಂತದ್ದೇ ಗೊತ್ತಾಗಲಿಲ್ಲ. ಹತ್ತೊಂಬತ್ತನೆಯದಕ್ಕೆ ಬಂದಾಗ ಪುಟ್ಟಸ್ವಾಮಿ ಪುಟ್ಟಿಯನ್ನು ಕರೆದುಕೊಂಡು ರಸ್ತೆಯ ಆ ಬದಿಗೆ ನಿಂತಿದ್ದ. ಹುಡುಗಿ ಅತ್ತೆಯ ಕಡೆ ನೋಡಿ ಮುಖ ತಿರುಗಿಸಿಕೊಂಡಳು.

ಗೋಡೆ ಬಿದ್ದ ಮೇಲೆ ಪುಟ್ಟಸ್ವಾಮಿ ರಸ್ತೆ ದಾಟಿ ಬಂದ. “ನನ್ ಎಸ್ರು ಒಂದ್ ಬುಟ್ಟು ಕಳ್ಸಿದ್ರೆ ದಿಲ್ಲಿ ಮುಳ್ಗೋಗ್ತಿತ್ತಾ ಅಕ್ಕ?”

“ಕಳ್ದೋಳು ಅಂತ ಒಪ್ಕೊಂಡಿದ್ರೆ ನಾನ್ ಮುಳ್ಗೋಯ್ತಿದ್ದೆ.”

“ಒಡ್ದಿದ್ದು ಯಾರ್ ರೂಮು ಅಂತ ನೋಡ್ದ್ಯಾ?”

ಸುನಂದಮ್ಮ ನೋಡಿದ್ದಳು. ಕಿಟಕಿಯ ಕಂಬಿಗಳು ಮಣ್ಣಿನಲ್ಲಿ ಬಿದ್ದಿದ್ದವು. ಆಕೆ ಸೀರೆಯ ಧೂಳು ಕೊಡವಿಕೊಂಡು ಬಸ್ಸಿನ ಕಡೆ ನಡೆದಳು. ತನಗೆ ದುಃಖವಾಗಿಲ್ಲ ಅಂತ ಬಸ್ಸಿನಲ್ಲಿ ಕೂತು ಮತ್ತೆ ಮತ್ತೆ ಅಂದುಕೊಂಡಳು. ಹಾಗೆ ಅಂದುಕೊಳ್ಳಬೇಕಾಗಿ ಬಂದದ್ದೇ ಆಕೆಗೆ ಇಷ್ಟವಾಗಲಿಲ್ಲ.

ಅಲ್ಲಿಂದ ಪುಟ್ಟಸ್ವಾಮಿ ಮಾತು ಬಿಟ್ಟ. ಯುಗಾದಿಗೆ ಕರೆಯಲಿಲ್ಲ. ಮೇ ಕಳೆಯಿತು, ಜೂನ್ ಕಳೆಯಿತು. ಅವನು ಹೊಸ ನಿಯಮಕ್ಕೆ ತಕ್ಕಂತೆ ನಕ್ಷೆ ತಿದ್ದಿಸಿದ್ದಾನೆ, ಕಾಗದವೆಲ್ಲ ಸರಿಯಾಗಿದೆ, ಒಂದು ಅರ್ಜಿ ಕೊಟ್ಟರೆ ಎರಡೇ ದಿನದ ಕೆಲಸ ಅಂತ ನಕ್ಷೆ ಬರೆದವನು ಸುನಂದಮ್ಮನಿಗೆ ಹೇಳಿದ್ದ. ಆಕೆ ಕಾದಳು. ಕೌಂಟರಿನ ಮುಂದೆ ಯಾರ ನೆರಳು ಬಿದ್ದರೂ ತಲೆ ಎತ್ತಿ ನೋಡುವ ಅಭ್ಯಾಸ ಹತ್ತಿತು. ಆಷಾಢ ಬಂತು. ಸರಿ, ಆಷಾಢದಲ್ಲಿ ಯಾರು ತಾನೆ ಬರುತ್ತಾರೆ ಅಂತ ಸಮಾಧಾನ ಮಾಡಿಕೊಂಡಳು. ಶ್ರಾವಣಕ್ಕೆ ಬಂದೇ ಬರುತ್ತಾನೆ. ಜುಲೈ ಮೂವತ್ತೊಂದಕ್ಕೆ ಆಕೆಯ ನಿವೃತ್ತಿ. ಶ್ರಾವಣ ಹುಟ್ಟುವುದು ಇಪ್ಪತ್ತೈದಕ್ಕೆ. ಆರು ದಿನ ಸಾಕು. ತಮ್ಮನ ಮನೆಯನ್ನು ತನ್ನ ಕೈಯಲ್ಲೇ ಸರಿಯಾಗಿ, ನಿಯಮದ ಪ್ರಕಾರ, ರಿಜಿಸ್ಟರಿಗೆ ಏರಿಸಿಯೇ ಪೆನ್ನು ಕೆಳಗಿಡಬೇಕು ಅನ್ನುವ ಒಂದು ಆಸೆ ಅದು ಯಾವಾಗಲೋ ಒಳಗೆ ಬಂದು ಕೂತುಬಿಟ್ಟಿತ್ತು.

ಇಪ್ಪತ್ತೆಂಟನೇ ತಾರೀಖು ಪುಟ್ಟಸ್ವಾಮಿ ಬಂದ. ಕಂಕುಳಲ್ಲಿ ನಕ್ಷೆಯ ಸುರುಳಿ. ಸುನಂದಮ್ಮ ಎದ್ದು ನಿಂತಳು. ಕನ್ನಡಕ ಒರೆಸಿಕೊಂಡಳು.

“ಅರ್ಜಿ ಫಾರಂ ಎರಡು ಬೇಕಿತ್ತು,” ಅಂದ ಅವನು, ಬೇರೆ ಯಾರೋ ಗುಮಾಸ್ತೆಯನ್ನು ಕೇಳುವ ಹಾಗೆ.

“ಇಲ್ಲೇ ತುಂಬ್ಕೊಡ್ತೀನಿ ಕೂತ್ಕೊ. ಇವತ್ ಕೊಟ್ರೆ ಬುಧವಾರ ಆಯ್ತದೆ. ಹೊಸ ಎಂಜಿನಿಯರ್ರು ತಡ ಮಾಡಾಕಿಲ್ಲ.”

“ಬ್ಯಾಡ. ಫಾರಂ ತಕ್ಕಂಡೋಯ್ತೀನಿ. ಶುಕ್ರವಾರ ಕೊಡ್ತೀನಿ.”

“ಯಾಕ್ಲಾ? ಶ್ರಾವಣ ಬಂತಲ್ಲ. ಇನ್ನೇನ್ ಅಡ್ಡಿ?”

ಪುಟ್ಟಸ್ವಾಮಿ ಫಾರಂ ಮಡಿಸಿ ಜೇಬಿಗೆ ಹಾಕಿಕೊಂಡ. “ಒಂದ್ನೇ ತಾರೀಕು ಶ್ರಾವಣ ಶುಕ್ರವಾರ. ದಿನಾನೂ ಚೆನ್ನಾಗದೆ, ಇಲ್ಲಿ ನೀನೂ ಇರಾಕಿಲ್ಲ.”

ಅವನು ಹೋದ. ಸುನಂದಮ್ಮ ಬಹಳ ಹೊತ್ತು ನಿಂತೇ ಇದ್ದಳು. ಕೂತುಕೊಳ್ಳಿ ಮೇಡಂ ಅಂತ ಕರಿಯಯ್ಯ ಹೇಳಿದ ಮೇಲೆ ಕೂತಳು. ತಾನು ಶಶಿಕುಮಾರನಿಗೆ ಕಾದ ಹಾಗೆಯೇ ಅವನೂ ತನಗೆ ಕಾದಿದ್ದಾನೆ, ಬಾಯಿ ಬಿಡದೆ, ದಿನ ನೋಡಿಕೊಂಡು. ಒಂದೇ ತಾಯಿಯ ಹಾಲು ಕುಡಿದವರಲ್ಲವೇ.

ಮೂವತ್ತೊಂದನೇ ತಾರೀಖು ನಾಲ್ಕು ಗಂಟೆಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಒಂದು ಗುಂಡುಸೂಜಿ ಕಳೆದವರಲ್ಲ ಅಂತ ಮುಖ್ಯಾಧಿಕಾರಿಗಳು ಭಾಷಣದಲ್ಲಿ ಹೇಳಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಇದೇ ಮಾತಿಗಾಗಿ ಆಕೆ ಹತ್ತು ತಿಂಗಳು ಬೆಂದಿದ್ದಳು. ಎಲ್ಲ ಮುಗಿದ ಮೇಲೆ, ಹಾರ ತೆಗೆದಿಟ್ಟು, ಜುಲೈ ತಿಂಗಳ ವರದಿಯನ್ನು ತಾನೇ ಬರೆದು ಹೋಗುತ್ತೇನೆ ಅಂತ ಕೂತಳು.

ಶ್ರಾವಣದ ನಾಲ್ಕು ಅರ್ಜಿಗಳು ಬಂದದ್ದು ಹಿಂದಿನ ದಿನವಷ್ಟೇ, ಅವುಗಳ ಸ್ಥಳ ತಪಾಸಣೆ ಇನ್ನೂ ಆಗಿರಲಿಲ್ಲ, ಅವು ಆಗಸ್ಟಿನ ಲೆಕ್ಕಕ್ಕೆ. ಕೊಟ್ಟ ಪರವಾನಗಿಗಳ ಸಂಖ್ಯೆ ಅನ್ನುವಲ್ಲಿ ಸುನಂದಮ್ಮ ಸೊನ್ನೆ ಬರೆದಳು. ಒಂದು ಆಗಬಹುದಾಗಿದ್ದ ಸೊನ್ನೆ. ಆ ಒಂದು ಯಾಕೆ ಆಗಲಿಲ್ಲ ಅನ್ನುವುದು ಮೈಸೂರಿಗೆ, ಬೆಂಗಳೂರಿಗೆ, ದೆಹಲಿಗೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಆಕೆಗೆ ಗೊತ್ತಿತ್ತು.

ಪೆನ್ನು ಷರಾ ಕಾಲಮ್ಮಿನ ಮೇಲೆ ನಿಂತಿತು. ಕರಿಯಯ್ಯ ಬೀಗದ ಕೈ ಹಿಡಿದುಕೊಂಡು ಬಾಗಿಲಲ್ಲಿ ಕಾಯುತ್ತಿದ್ದ.

‘ಆಷಾಢ ಮಾಸದ ಪ್ರಯುಕ್ತ’ ಅಂತ ಸುನಂದಮ್ಮ ದುಂಡಗಿನ ಅಕ್ಷರದಲ್ಲಿ ಬರೆದು, ಸಹಿ ಹಾಕಿದಳು. ಮೂವತ್ತೊಂದು ವರ್ಷದಲ್ಲಿ ಆ ಕಾಲಮ್ಮಿನಲ್ಲಿ ಆಕೆ ಬರೆದ ಮೊದಲ ಸುಳ್ಳು ಅದು.